ತಿಳಿ ನೀಲಿ ಟೋನರ್ ಇಲ್ಲದೆ ತಿಳಿ ನೀಲಿ ಆಕಾಶ: ಕಲರ್ ಲೇಸರ್ ಪ್ರಿಂಟರಿನ ಒಳಗುಟ್ಟು

ಕಲರ್ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿದ ಫೋಟೊ ಒಂದು ಕೈಗೆ ಸಿಕ್ಕರೆ, ಅದರಲ್ಲಿರುವ ಆಕಾಶವನ್ನು ಭೂತಗನ್ನಡಿಯಲ್ಲಿ ನೋಡಿ. ಫೋನಿನ ಮ್ಯಾಕ್ರೊ ಕ್ಯಾಮೆರಾ ಆದರೂ ಸಾಕು. ಬರಿಗಣ್ಣಿಗೆ ತಿಳಿ ನೀಲಿ ಕಾಣುತ್ತಿದ್ದ ಜಾಗದಲ್ಲಿ ತಿಳಿ ನೀಲಿ ಎಲ್ಲೂ ಇರುವುದಿಲ್ಲ. ಇರುವುದು ಬಿಳಿ ಕಾಗದ, ಅದರ ಮೇಲೆ ಗಾಢ ಸಯಾನ್ (ಹಸಿರು ಬೆರೆತ ನೀಲಿ) ಚುಕ್ಕೆಗಳು, ನಡುನಡುವೆ ಪುಟ್ಟ ಮಜೆಂಟಾ (ನೇರಳೆ ಬೆರೆತ ಗುಲಾಬಿ) ಚುಕ್ಕೆಗಳು. ಫೋಟೊದಲ್ಲಿರುವವರ ಕೆನ್ನೆಗೆ ಕನ್ನಡಿ ಸರಿಸಿದರೆ ಹಳದಿ ಮತ್ತು ಮಜೆಂಟಾ ಗುಂಪುಗುಂಪಾಗಿ ಕಾಣುತ್ತವೆ, ಅಲ್ಲೊಂದು ಇಲ್ಲೊಂದು ಸಯಾನ್. ಚರ್ಮದ ಬಣ್ಣ ಅಲ್ಲೂ ಇಲ್ಲ.

ಪ್ರಿಂಟರಿನೊಳಗೆ ಇರುವುದು ನಾಲ್ಕೇ ಬಣ್ಣದ ಪುಡಿ, ಅಂದರೆ ಟೋನರ್: ಸಯಾನ್, ಮಜೆಂಟಾ, ಹಳದಿ, ಕಪ್ಪು. ಒಂದು ಜಾಗಕ್ಕೆ ಪುಡಿ ಹಾಕಬಹುದು, ಇಲ್ಲವೇ ಬಿಡಬಹುದು. ‘ಇಲ್ಲಿ ಸ್ವಲ್ಪ ತಿಳಿಯಾಗಿ ಹಾಕು’ ಅಂದರೆ ಅದಕ್ಕೆ ಬರುವುದಿಲ್ಲ. ಇಷ್ಟು ಮೊಂಡು ಯಂತ್ರದಿಂದ ನುಣುಪಾದ ಫೋಟೊ ಹೇಗೆ ಬರುತ್ತದೆ? ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುವ ಡಿಪಿಐ ಸಂಖ್ಯೆ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಉತ್ತರದ ಒಂದು ಚಿಕ್ಕ ಭಾಗ ಅಷ್ಟೇ. ಹೇಳಿದ ಜಾಗಕ್ಕೆ, ಹೇಳಿದ ಅಳತೆಯ ಚುಕ್ಕೆ ಪ್ರತಿ ಸಲವೂ ಬೀಳುತ್ತದಾ ಅನ್ನುವುದರಲ್ಲಿ ಗುಣಮಟ್ಟದ ದೊಡ್ಡ ಪಾಲು ಇದೆ.

ಪುಡಿ ಕಾಗದಕ್ಕೆ ಹತ್ತುವುದು ಹೇಗೆ

ಒಣಗಿದ ಕೂದಲಿಗೆ ಬಾಚಣಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುತ್ತವೆ ಅಲ್ವಾ? ಲೇಸರ್ ಪ್ರಿಂಟರ್ ನಡೆಯುವುದೂ ಅದೇ ಸ್ಥಿರ ವಿದ್ಯುತ್ತಿನಿಂದ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಇದನ್ನು ಮೊದಲ ಸಲ ಮಾಡಿ ತೋರಿಸಿದರು. ಗಂಧಕ ಸವರಿದ ಸತುವಿನ ತಗಡನ್ನು ಉಜ್ಜಿ ವಿದ್ಯುತ್ ತುಂಬಿದರು. ಅಕ್ಷರ ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟರು. ಬೆಳಕು ಬಿದ್ದ ಕಡೆ ವಿದ್ಯುತ್ ಸೋರಿಹೋಯಿತು. ಮೇಲೆ ಉದುರಿಸಿದ ಪುಡಿ ಅಕ್ಷರದ ಆಕಾರದಲ್ಲೇ ನಿಂತಿತು. ಫೋಟೊಕಾಪಿ ಯಂತ್ರ ಹುಟ್ಟಿದ್ದು ಇದರಿಂದ. 1971ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಒಂದು ಕಾಪಿ ಯಂತ್ರವನ್ನೇ ತೆಗೆದುಕೊಂಡು, ಅದರ ಬೆಳಕಿನ ಜಾಗದಲ್ಲಿ ಕಂಪ್ಯೂಟರ್ ಹೇಳಿದಂತೆ ಆರಿ ಹತ್ತುವ ಲೇಸರ್ ಕೂರಿಸಿದರು. ಅಲ್ಲಿಗೆ ಲೇಸರ್ ಪ್ರಿಂಟರ್ ಆಯಿತು.

ಇವತ್ತಿನ ಯಂತ್ರದಲ್ಲಿ ತಗಡಿನ ಜಾಗದಲ್ಲಿ ಒಂದು ಡ್ರಮ್ ಇದೆ. ಮೊದಲು ಒಂದು ರೋಲರ್ ಅದರ ಮೈತುಂಬ ಸಮನಾಗಿ ವಿದ್ಯುತ್ ತುಂಬುತ್ತದೆ. ಹೆಚ್ಚಿನ ಪ್ರಿಂಟರ್‌ಗಳಲ್ಲಿ ಇದು ನೂರಾರು ವೋಲ್ಟಿನ ಋಣ ವಿದ್ಯುತ್. ಲೇಸರ್ ಬಿದ್ದ ಚುಕ್ಕೆಗಳಲ್ಲಿ ಆ ವಿದ್ಯುತ್ ಇಳಿದುಹೋಗುತ್ತದೆ. ಟೋನರ್ ಪುಡಿಯಲ್ಲೂ ಋಣ ವಿದ್ಯುತ್ತೇ ಇರುವುದರಿಂದ ಲೇಸರ್ ಮುಟ್ಟದ ಜಾಗ ಅದನ್ನು ದೂರ ತಳ್ಳುತ್ತದೆ, ಲೇಸರ್ ಮುಟ್ಟಿದ ಜಾಗಕ್ಕೆ ಪುಡಿ ಹೋಗಿ ಕೂರುತ್ತದೆ. ಆಮೇಲೆ ಧನ ವಿದ್ಯುತ್ ಕೊಟ್ಟ ಬೆಲ್ಟೋ ರೋಲರೋ ಪುಡಿಯನ್ನು ಡ್ರಮ್ಮಿನಿಂದ ಎಳೆದುಕೊಳ್ಳುತ್ತದೆ. ಕೊನೆಗೆ ಫ್ಯೂಸರ್ ಅನ್ನುವ ಬಿಸಿ ರೋಲರ್ ಅದನ್ನು ಕಾಗದದ ಮೇಲೆ ಕರಗಿಸಿ ಒತ್ತುತ್ತದೆ. ಫ್ಯೂಸರಿಗೆ ಹೋಗುವ ಮುಂಚೆ ಕಾಗದ ಸಿಕ್ಕಿಹಾಕಿಕೊಂಡು ನೀವು ಅದನ್ನು ಎಳೆದು ತೆಗೆದಿದ್ದರೆ ಗೊತ್ತಿರುತ್ತದೆ: ಚಿತ್ರ ಪೂರ್ತಿ ಮೂಡಿರುತ್ತದೆ, ಬೆರಳಿಂದ ಒರೆಸಿದರೆ ಪುಡಿಯಾಗಿ ಹೋಗುತ್ತದೆ.

ಕಪ್ಪು ಬಿಳುಪು ಪ್ರಿಂಟರಿಗೆ ಇಷ್ಟೇ ಸಾಕು. ಬಣ್ಣ ಬೇಕೆಂದರೆ ಇದನ್ನೆಲ್ಲ ನಾಲ್ಕು ಸಲ ಮಾಡಿ, ನಾಲ್ಕನ್ನೂ ಒಂದರ ಮೇಲೊಂದು ಕೂರಿಸಬೇಕು. ತಲೆನೋವು ಶುರುವಾಗುವುದು ಇಲ್ಲಿ.

ಚುಕ್ಕೆಯ ಲೆಕ್ಕ

ಮೊದಲು ತಿಳಿ ನೀಲಿಯ ವಿಷಯಕ್ಕೆ ಬರೋಣ. ತಿಳಿ ಬಣ್ಣ ತೋರಿಸಲು ಪ್ರಿಂಟರಿಗೆ ಇರುವ ದಾರಿ ಒಂದೇ: ಬಣ್ಣದ ಚುಕ್ಕೆಯನ್ನು ಚಿಕ್ಕದು ಮಾಡಿ ಸುತ್ತಲಿನ ಬಿಳಿ ಕಾಗದವನ್ನು ಜಾಸ್ತಿ ಬಿಡುವುದು. ದೂರದಿಂದ ನೋಡುವ ಕಣ್ಣು ಚುಕ್ಕೆಯನ್ನೂ ಬಿಳಿಯನ್ನೂ ಬೇರೆಬೇರೆಯಾಗಿ ಕಾಣಲಾರದೆ ಎರಡನ್ನೂ ಬೆರೆಸಿಬಿಡುತ್ತದೆ. ಇದಕ್ಕೆ ಹಾಫ್‌ಟೋನ್ ಎನ್ನುತ್ತಾರೆ. ಪತ್ರಿಕೆಗಳ ಫೋಟೊಗಳು ಲೇಸರ್ ಹುಟ್ಟುವ ಎಷ್ಟೋ ಮೊದಲಿನಿಂದ ಹೀಗೇ ಅಚ್ಚಾಗುತ್ತಿದ್ದವು.

ಲೆಕ್ಕ ಸ್ವಲ್ಪ ನೋಡಿ. 600 ಡಿಪಿಐ ಅಂದರೆ ಒಂದು ಇಂಚಿನಲ್ಲಿ 600 ಪಿಕ್ಸೆಲ್. ಒಂದು ಪಿಕ್ಸೆಲಿನ ಅಗಲ ಸುಮಾರು 42 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಈಗ 4×4 ಪಿಕ್ಸೆಲ್‌ಗಳನ್ನು ಒಂದು ಮನೆ ಅಂದುಕೊಳ್ಳೋಣ. ಒಟ್ಟು 16 ಪಿಕ್ಸೆಲ್. ಒಂದೂ ತುಂಬದಿದ್ದರೆ ಬಿಳಿ, ಎಲ್ಲ ತುಂಬಿದರೆ ಗಾಢ, ನಡುವಿನದೂ ಸೇರಿ 17 ಛಾಯೆ. ಆಕಾಶದಂಥ ಕಡೆ ಬಣ್ಣ ನಿಧಾನವಾಗಿ ತಿಳಿಯಾಗುತ್ತಾ ಹೋಗಬೇಕಲ್ಲ, 17 ಛಾಯೆಯಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಹಾಗಾದರೆ ಮನೆಯನ್ನೇ ದೊಡ್ಡದು ಮಾಡಿದರೆ? 8×8 ಮಾಡಿದರೆ 65 ಛಾಯೆ ಸಿಗುತ್ತದೆ. ಆದರೆ ಇಂಚಿಗೆ 150 ಇದ್ದ ಮನೆಗಳು 75ಕ್ಕೆ ಇಳಿಯುತ್ತವೆ. ಚುಕ್ಕೆ ಬರಿಗಣ್ಣಿಗೇ ಕಾಣಲು ಶುರುವಾಗಿ ಫೋಟೊ ಒರಟಾಗುತ್ತದೆ. ಛಾಯೆ ಬೇಕೆಂದರೆ ಸೂಕ್ಷ್ಮತೆ ಹೋಗುತ್ತದೆ, ಸೂಕ್ಷ್ಮತೆ ಬೇಕೆಂದರೆ ಛಾಯೆ ಹೋಗುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು ಕಂಡುಕೊಂಡ ಉಪಾಯ ನನಗಂತೂ ಇಡೀ ಯಂತ್ರದಲ್ಲೇ ತುಂಬಾ ಇಷ್ಟವಾದದ್ದು. ಲೇಸರ್ ಒಂದು ಪಿಕ್ಸೆಲನ್ನು ದಾಟುವ ಕ್ಷಣದಲ್ಲಿ ಪೂರ್ತಿ ಹೊತ್ತು ಉರಿಯಲೇಬೇಕು ಅಂತೇನೂ ಇಲ್ಲ. ಆ ಕ್ಷಣವನ್ನು ತುಂಡು ತುಂಡು ಮಾಡಿ ಕಾಲು ಭಾಗ, ಅರ್ಧ ಭಾಗ ಮಾತ್ರ ಉರಿಸಿದರೆ ಡ್ರಮ್ಮಿನ ಮೇಲೆ ಅಷ್ಟೇ ಕಿರಿದಾದ ಗೆರೆ ಬೀಳುತ್ತದೆ. ಎಡಕ್ಕೆ ಒತ್ತಿ ಉರಿಸಬಹುದು, ಬಲಕ್ಕೆ ಒತ್ತಿಯೂ ಉರಿಸಬಹುದು. ಇದು ಪಲ್ಸ್ ವಿಡ್ತ್ ಮಾಡ್ಯುಲೇಶನ್. ಒಂದೊಂದು ಪಿಕ್ಸೆಲಿಗೂ ಸೊನ್ನೆ ಸೇರಿ 16 ಅಳತೆ ಸಿಕ್ಕಿತು ಅನ್ನಿ, ಅದೇ 4×4 ಮನೆಯಲ್ಲಿ 17 ಇದ್ದ ಛಾಯೆ ಲೆಕ್ಕದ ಪ್ರಕಾರ 241 ಆಗುತ್ತದೆ. ಡಿಪಿಐ ಬದಲಾಗಿಲ್ಲ, ಮನೆ ದೊಡ್ಡದಾಗಿಲ್ಲ, ಆಕಾಶ ಮಾತ್ರ ನುಣುಪಾಯಿತು. ‘2400 ಡಿಪಿಐ ಗುಣಮಟ್ಟ’ ಎಂದು ಬರೆದು ಕೆಳಗೆ ಸಣ್ಣ ಅಕ್ಷರದಲ್ಲಿ 600×600 ಎಂದು ಬರೆದ ಪ್ರಿಂಟರ್ ನೋಡಿರುತ್ತೀರಿ. ಹಿಂದೆ ಇರುವುದು ಬಹುತೇಕ ಇಂಥದೇ ಲೆಕ್ಕ. ಅದು ಪೂರ್ತಿ ಸುಳ್ಳಲ್ಲ, ಆದರೆ ನಿಜವಾದ 2400 ಕೂಡ ಅಲ್ಲ.

ಲೇಸರ್ ಪ್ರಿಂಟರಿಗೆ ಇನ್ನೊಂದು ಹಠ ಇದೆ. ಒಂಟಿ ಚುಕ್ಕೆ ಅದಕ್ಕೆ ಆಗಿಬರುವುದಿಲ್ಲ. ಇಂಕ್‌ಜೆಟ್ ಪ್ರಿಂಟರ್ ಪುಟ್ಟ ಹನಿಗಳನ್ನು ಸುಮ್ನೆ ಚದುರಿಸಿ ಫೋಟೊ ಮೂಡಿಸುತ್ತದೆ. ಲೇಸರ್ ಪ್ರಿಂಟರಿನಲ್ಲಿ ಒಂಟಿ ಪಿಕ್ಸೆಲಿನ ವಿದ್ಯುತ್ ಸೆಳೆತ ಬಹಳ ದುರ್ಬಲ. ಲೇಸರಿನ ಬೆಳಕು ಹಲವು ಯಂತ್ರಗಳಲ್ಲಿ ಪಿಕ್ಸೆಲಿಗಿಂತ ಸ್ವಲ್ಪ ದಪ್ಪವೇ ಇದ್ದು ಅಂಚಿನಲ್ಲಿ ಮಂಕಾಗುತ್ತದೆ. ಹಾಗಾಗಿ ಒಂಟಿ ಚುಕ್ಕೆಗೆ ಒಮ್ಮೆ ಪುಡಿ ಹತ್ತುತ್ತದೆ, ಒಮ್ಮೆ ಅರ್ಧ ಹತ್ತುತ್ತದೆ, ಒಮ್ಮೆ ಹತ್ತುವುದೇ ಇಲ್ಲ. ಅದಕ್ಕೇ ಲೇಸರ್ ಪ್ರಿಂಟರ್‌ಗಳು ಸಾಮಾನ್ಯವಾಗಿ ಪಿಕ್ಸೆಲ್‌ಗಳನ್ನು ಒಂದಕ್ಕೊಂದು ಅಂಟಿಸಿ ನಡುವಿನಿಂದ ಬೆಳೆಯುವ ಗುಂಪು ಚುಕ್ಕೆ ಮಾಡುತ್ತವೆ. ಫೋಟೊದ ತೀರಾ ತಿಳಿಯಾದ ಭಾಗ, ಅಂದರೆ ಬಿಳಿ ಮೋಡ ಆಕಾಶಕ್ಕೆ ಬೆರೆಯುವಂಥ ಜಾಗ, ಲೇಸರ್ ಪ್ರಿಂಟಿನಲ್ಲಿ ಥಟ್ಟನೆ ಬಿಳಿಯಾಗಿಬಿಡುವುದು ಇದರಿಂದಲೇ. ಚುಕ್ಕೆ ತೀರಾ ಚಿಕ್ಕದಾದಾಗ ಅದು ಬೀಳುವುದೇ ಅನುಮಾನ.

ಕೋನಗಳು, ಮತ್ತು ಹಳದಿಯ ಗುಟ್ಟು

ನಾಲ್ಕು ಬಣ್ಣದ ಚುಕ್ಕೆಗಳನ್ನೂ ಒಂದೇ ನೇರದ ಸಾಲುಗಳಲ್ಲಿ ಹಾಕಿದರೆ ಏನಾಗುತ್ತದೆ? ಕೂದಲೆಳೆಯಷ್ಟು ಆಚೀಚೆಯಾದರೂ ಸಾಲುಗಳು ಒಂದಕ್ಕೊಂದು ತಾಕಿ ದೊಡ್ಡ ದೊಡ್ಡ ಅಲೆಗಳ ವಿನ್ಯಾಸ ಏಳುತ್ತದೆ. ಇದನ್ನು ಮೊಯ್ರೆ ಅನ್ನುತ್ತಾರೆ. ಎರಡು ಸೊಳ್ಳೆ ಪರದೆ ಒಂದರ ಹಿಂದೊಂದು ತೂಗಿದಾಗ ಕಾಣುವುದೂ ಇದೇ. ಅದಕ್ಕಾಗಿ ಪ್ರತಿ ಬಣ್ಣದ ಸಾಲನ್ನೂ ಬೇರೆ ಕೋನಕ್ಕೆ ತಿರುಗಿಸುತ್ತಾರೆ. ಮುದ್ರಣದವರ ಹಳೆಯ ಲೆಕ್ಕದಲ್ಲಿ ಸಯಾನ್ 15 ಡಿಗ್ರಿ, ಕಪ್ಪು 45, ಮಜೆಂಟಾ 75. ಒಂದಕ್ಕೂ ಇನ್ನೊಂದಕ್ಕೂ 30 ಡಿಗ್ರಿ ಅಂತರ ಇದ್ದರೆ ಅಲೆಗಳು ತೀರಾ ಚಿಕ್ಕದಾಗಿ, ಹೂವಿನಂಥ ಪುಟ್ಟ ಉಂಗುರಗಳಾಗಿ ಉಳಿಯುತ್ತವೆ. ಮೊದಲು ಹೇಳಿದ ಭೂತಗನ್ನಡಿಯಲ್ಲಿ ಆ ಉಂಗುರಗಳೂ ಕಾಣುತ್ತವೆ.

ಚುಕ್ಕೆಗಳ ಸಾಲನ್ನು 90 ಡಿಗ್ರಿ ತಿರುಗಿಸಿದರೆ ಅದು ಮತ್ತೆ ಮೊದಲಿನಂತೆಯೇ ಆಗುವುದರಿಂದ ಹಳದಿಗೆ ಜಾಗವೇ ಉಳಿಯುವುದಿಲ್ಲ. ಅದನ್ನು ಸೊನ್ನೆ ಡಿಗ್ರಿಗೆ, ಉಳಿದವಕ್ಕೆ 15 ಡಿಗ್ರಿ ಅಂತರದಲ್ಲೇ ಹಾಕುತ್ತಾರೆ. ಬಿಳಿಯ ಮೇಲೆ ಹಳದಿ ಕಣ್ಣಿಗೆ ಅಷ್ಟಾಗಿ ಹೊಡೆಯುವುದಿಲ್ಲವಾದ್ದರಿಂದ ಅದರ ಮೊಯ್ರೆಯೂ ಕಾಣುವುದಿಲ್ಲ. ಕಣ್ಣಿನ ಈ ದೌರ್ಬಲ್ಯವನ್ನು ಇನ್ನೊಂದು ಕೆಲಸಕ್ಕೂ ಬಳಸಿಕೊಂಡಿದ್ದಾರೆ. ಹಲವು ಕಲರ್ ಲೇಸರ್ ಪ್ರಿಂಟರ್‌ಗಳು ಪ್ರತಿ ಹಾಳೆಯ ಮೇಲೂ ಗಮನಕ್ಕೇ ಬಾರದಂಥ ಹಳದಿ ಚುಕ್ಕೆಗಳನ್ನು ಹಾಕುತ್ತವೆ. 2005ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅನ್ನುವ ಡಿಜಿಟಲ್ ಹಕ್ಕುಗಳ ಸಂಸ್ಥೆ ಝೆರಾಕ್ಸಿನ ಡಾಕ್ಯುಕಲರ್ ಪ್ರಿಂಟರಿನ ಚುಕ್ಕೆಗಳನ್ನು ಬಿಡಿಸಿ ನೋಡಿದಾಗ, ಅದರಲ್ಲಿ ಯಂತ್ರದ ಸೀರಿಯಲ್ ನಂಬರ್ ಮತ್ತು ಮುದ್ರಿಸಿದ ದಿನಾಂಕ, ಸಮಯ ಸಿಕ್ಕವು. ನೋಟು ಖೋಟಾ ಮಾಡುವವರನ್ನು ಹಿಡಿಯಲು ಮಾಡಿದ ಏರ್ಪಾಡು ಅದು. ನೀಲಿ ಬೆಳಕಿನಲ್ಲಿ ನೋಡಿದರೆ ಹಳದಿ ಚುಕ್ಕೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಚಿತ್ರದ ಗುಣಮಟ್ಟಕ್ಕೂ ಇದಕ್ಕೂ ಸಂಬಂಧ ಇಲ್ಲ, ತಿಳಿದಿರಲಿ ಅಂತ ಹೇಳಿದೆ.

ನಾಲ್ಕನ್ನೂ ಒಂದೇ ಜಾಗಕ್ಕೆ ಕೂರಿಸುವುದು

1994ರಲ್ಲಿ ಬಂದ ಎಚ್‌ಪಿಯ ಮೊದಲ ಕಲರ್ ಲೇಸರ್‌ಜೆಟ್ ನಿಮಿಷಕ್ಕೆ ಕಪ್ಪು ಬಿಳುಪಿನ 10 ಪುಟ ಮುದ್ರಿಸುತ್ತಿತ್ತು, ಬಣ್ಣದಲ್ಲಾದರೆ 2 ಮಾತ್ರ. ಕಾರಣ ಸರಳ. ಹಳೆಯ ವಿನ್ಯಾಸದಲ್ಲಿ ಒಂದೇ ಡ್ರಮ್, ಒಂದೇ ಲೇಸರ್. ನಾಲ್ಕು ಬಣ್ಣ ಸರದಿಯ ಮೇಲೆ ಬರಬೇಕು, ಒಂದು ಪುಟಕ್ಕೆ ನಾಲ್ಕು ಸುತ್ತು. ಈಗಿನ ಹೆಚ್ಚಿನ ಯಂತ್ರಗಳಲ್ಲಿ ನಾಲ್ಕು ಡ್ರಮ್‌ಗಳು ಸಾಲಾಗಿ ನಿಂತಿವೆ. ಅವುಗಳನ್ನು ತಾಕಿಕೊಂಡು ಒಂದು ಬೆಲ್ಟ್ ಹರಿಯುತ್ತದೆ. ಬಣ್ಣಗಳು ಒಂದರ ಮೇಲೊಂದು ಬೆಲ್ಟಿನ ಮೇಲೆ ಕೂತು, ಆಮೇಲೆ ಎಲ್ಲ ಸೇರಿ ಒಂದೇ ಏಟಿಗೆ ಕಾಗದಕ್ಕೆ ಇಳಿಯುತ್ತವೆ. ಕಾಗದ ದಪ್ಪ, ತೆಳು, ಒದ್ದೆ, ಸುರುಳಿ ಏನು ಬೇಕಾದರೂ ಆಗಿರಬಹುದು. ಬೆಲ್ಟ್ ಮಾತ್ರ ಯಾವಾಗಲೂ ಅದೇ. ಬಣ್ಣ ಕೂಡಿಸುವ ನಾಜೂಕು ಕೆಲಸವನ್ನು ನಂಬಿಕೆಯ ಬೆಲ್ಟಿನ ಮೇಲೆ ಮುಗಿಸಿಕೊಳ್ಳುವುದು ಜಾಣತನ.

ನಾಲ್ಕು ಡ್ರಮ್ ಬಂದ ಮೇಲೆ ವೇಗ ಬಂತು, ಜೊತೆಗೆ ತಪ್ಪಿಗೂ ನಾಲ್ಕು ಅವಕಾಶ ಬಂತು. ಒಂದು ಬಣ್ಣ 0.1 ಮಿಲಿಮೀಟರ್ ಜರುಗಿದರೂ 600 ಡಿಪಿಐಯಲ್ಲಿ ಅದು ಎರಡು ಪಿಕ್ಸೆಲಿಗಿಂತ ಜಾಸ್ತಿ. ಅಕ್ಷರದ ಅಂಚಿನಲ್ಲಿ ಗುಲಾಬಿ ನೆರಳು, ಎರಡು ಬಣ್ಣ ಸೇರುವಲ್ಲಿ ಬಿಳಿ ಸೀಳು ಕಾಣುತ್ತದೆ. ಲೇಸರನ್ನು ಅಡ್ಡಡ್ಡ ಓಡಿಸುವುದು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಹಲವು ಮುಖದ ಕನ್ನಡಿ. ಅದರ ಮುಂದಿನ ಲೆನ್ಸ್ ಬಿಸಿಗೆ ಒಂದಿಷ್ಟು ಹಿಗ್ಗಿದರೂ ಗೆರೆಯ ಉದ್ದ ಬದಲಾಗುತ್ತದೆ. ಗಿಯರಿನ ಹಲ್ಲು ಸಮ ಇಲ್ಲದಿದ್ದರೆ ಡ್ರಮ್ಮಿನ ವೇಗ ಏರಿಳಿದು ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬರುತ್ತವೆ.

ಪ್ರಿಂಟರ್ ಆನ್ ಮಾಡಿದಾಗಲೋ, ಕಾರ್ಟ್ರಿಜ್ ಬದಲಿಸಿದಾಗಲೋ, ಕೆಲವೊಮ್ಮೆ ಏನೂ ಕಾರಣ ಇಲ್ಲದೆಯೋ ಅದು ತನ್ನಷ್ಟಕ್ಕೆ ಗುರ್ ಅಂತ ಓಡುತ್ತದೆ. ಹಾಳೆ ಮಾತ್ರ ಬರುವುದಿಲ್ಲ. ಟೋನರ್ ಪೋಲು ಮಾಡುತ್ತಿದೆ ಎಂದು ಬೈದುಕೊಳ್ಳುವವರೇ ಜಾಸ್ತಿ. ಆಗ ನಡೆಯುತ್ತಿರುವುದು ಪರೀಕ್ಷೆ. ಪ್ರಿಂಟರ್ ನಾಲ್ಕೂ ಬಣ್ಣದ ಗೆರೆಗಳನ್ನು, ಬೇರೆಬೇರೆ ಛಾಯೆಯ ಚೌಕಗಳನ್ನು ಬೆಲ್ಟಿನ ಮೇಲೆಯೇ ಬರೆಯುತ್ತದೆ. ಪಕ್ಕದಲ್ಲಿರುವ ಸೆನ್ಸರ್ ಅವನ್ನು ಓದುತ್ತದೆ. ಗೆರೆ ಜರುಗಿದ್ದರೆ ಆ ಬಣ್ಣದ ಲೇಸರಿನ ಸಮಯವನ್ನು ಹಿಂದೆ ಮುಂದೆ ಮಾಡುತ್ತದೆ. ಚೌಕ ಬೇಕಾದ್ದಕ್ಕಿಂತ ಗಾಢ ಇದ್ದರೆ ವೋಲ್ಟೇಜನ್ನೋ ಚುಕ್ಕೆಯ ಅಳತೆಯನ್ನೋ ತಿದ್ದುತ್ತದೆ. ಆಮೇಲೆ ಬೆಲ್ಟ್ ಒರೆಸಿಕೊಂಡು ಸುಮ್ಮನಾಗುತ್ತದೆ. ಹವೆಯ ತೇವ ಬದಲಾದರೆ ಟೋನರ್ ಹಿಡಿದುಕೊಳ್ಳುವ ವಿದ್ಯುತ್ ಬದಲಾಗುತ್ತದೆ, ಅದರ ಜೊತೆ ಚುಕ್ಕೆಯ ಗಾತ್ರವೂ. ಬೆಳಿಗ್ಗೆಯ ಪ್ರಿಂಟಿಗೂ ಸಂಜೆಯ ಪ್ರಿಂಟಿಗೂ ಬಣ್ಣ ಹೊಂದಬೇಕೆಂದರೆ ಈ ಗುರ್ ಗುರ್ ಬೇಕೇ ಬೇಕು. ಬಣ್ಣ ಮುಖ್ಯವಾದ ಕೆಲಸ ಇದ್ದರೆ ಮೆನುವಿನಲ್ಲಿ ಹುಡುಕಿ ಈ ಪರೀಕ್ಷೆಯನ್ನು, ಅಂದರೆ ಕ್ಯಾಲಿಬ್ರೇಶನ್ ಅನ್ನು, ನೀವೇ ಒಮ್ಮೆ ಓಡಿಸುವುದು ಒಳ್ಳೆಯದು.

ಕಪ್ಪು ಯಾಕೆ ಬೇಕು

ಪುಸ್ತಕದ ಲೆಕ್ಕದಲ್ಲಿ ಸಯಾನ್, ಮಜೆಂಟಾ, ಹಳದಿ ಮೂರೂ ಸೇರಿದರೆ ಕಪ್ಪಾಗಬೇಕು. ನಿಜವಾದ ಬಣ್ಣದ ಪುಡಿಗಳು ಅಷ್ಟು ಶುದ್ಧ ಅಲ್ಲ, ಸೇರಿದಾಗ ಬರುವುದು ಕೆಸರಿನಂಥ ಕಂದು. ಮೂರು ಪದರದ ಅಕ್ಷರ ಒಂದಿಷ್ಟು ಜರುಗಿದರೂ ಮಸುಕಾಗುತ್ತದೆ. ಅದಕ್ಕೇ ಅಕ್ಷರಗಳನ್ನು ಕಪ್ಪು ಟೋನರ್ ಒಂದರಲ್ಲೇ ಬರೆಯುತ್ತಾರೆ. ಫೋಟೊಗಳಲ್ಲೂ ಮೂರು ಬಣ್ಣ ಸೇರಿ ಬೂದು ಆಗುವ ಕಡೆ, ಆ ಮೂರನ್ನೂ ಕಡಿಮೆ ಮಾಡಿ ಬದಲಿಗೆ ಕಪ್ಪು ಹಾಕುತ್ತಾರೆ. ಬೂದು ಹಸಿರಿಗೋ ಗುಲಾಬಿಗೋ ವಾಲದೆ ಬೂದಾಗಿಯೇ ಉಳಿಯುತ್ತದೆ, ಟೋನರ್ ಕೂಡ ಉಳಿಯುತ್ತದೆ. ನಾಲ್ಕನ್ನೂ ಪೂರ್ತಿ ಹಾಕಿದರೆ ಒಟ್ಟು ಶೇಕಡಾ 400 ಟೋನರ್ ಆಗುತ್ತದೆ. ಅಷ್ಟು ದಪ್ಪ ಪದರ ಸರಿಯಾಗಿ ಕರಗದೆ ಸಿಪ್ಪೆ ಏಳುತ್ತದೆ. ಹಾಗಾಗಿ ಪ್ರಿಂಟರಿನ ತಂತ್ರಾಂಶ ಒಟ್ಟು ಟೋನರಿಗೆ ಒಂದು ಮಿತಿ ಹಾಕಿಕೊಂಡಿರುತ್ತದೆ.

ತೆರೆಯ ಮೇಲಿನ ಕೆಂಪು, ಹಸಿರು, ನೀಲಿ ಸಂಖ್ಯೆಗಳನ್ನು ನಾಲ್ಕು ಟೋನರಿನ ಸಂಖ್ಯೆಗಳಾಗಿ ಬದಲಿಸುವುದು ಒಂದು ದೊಡ್ಡ ಕೋಷ್ಟಕ. ಎಷ್ಟು ಒಳ್ಳೆಯ ಕೋಷ್ಟಕ ಇದ್ದರೂ ತೆರೆಯ ಹೊಳೆಯುವ ನೀಲಿ ಕಾಗದದ ಮೇಲೆ ಬರುವುದಿಲ್ಲ, ನೇರಳೆಗೆ ವಾಲುತ್ತದೆ ಇಲ್ಲವೇ ಮಂಕಾಗುತ್ತದೆ. ತೆರೆ ಬೆಳಕು ಚೆಲ್ಲುತ್ತದೆ, ಟೋನರ್ ಕಾಗದದ ಬೆಳಕನ್ನು ನುಂಗುತ್ತದೆ. ಪ್ರಿಂಟರನ್ನು ದೂರಿ ಉಪಯೋಗವಿಲ್ಲ.

ಪುಡಿ, ಬಿಸಿ, ಕಾಗದ

ಒಳ್ಳೆಯ ಕಲರ್ ಟೋನರಿನ ಒಂದು ಕಣ 5ರಿಂದ 8 ಮೈಕ್ರಾನ್ ಇರುತ್ತದೆ. 42 ಮೈಕ್ರಾನಿನ ಪಿಕ್ಸೆಲಿನ ಅಡ್ಡಕ್ಕೆ ಆರೋ ಏಳೋ ಕಣ ಹಿಡಿಸುತ್ತವೆ. ಹಿಂದೆ ಪ್ಲಾಸ್ಟಿಕ್ಕನ್ನು ಅರೆದು ಪುಡಿ ಮಾಡುತ್ತಿದ್ದರು. ಕಣಗಳು ಒಡೆದ ಕಲ್ಲಿನ ಹಾಗೆ ಓರೆಕೋರೆ, ಒಂದು ದೊಡ್ಡದು ಒಂದು ಚಿಕ್ಕದು. ಎಲ್ಲಕ್ಕೂ ಸಮನಾಗಿ ವಿದ್ಯುತ್ ಹತ್ತುತ್ತಿರಲಿಲ್ಲ, ಕೆಲವು ತಪ್ಪಿಸಿಕೊಂಡು ಅಕ್ಷರದ ಸುತ್ತ ಧೂಳಿನಂತೆ ಬೀಳುತ್ತಿದ್ದವು. ಈಗ ಟೋನರನ್ನು ದ್ರವದಲ್ಲಿ ರಾಸಾಯನಿಕವಾಗಿ ಬೆಳೆಸುತ್ತಾರೆ. ಕಣಗಳು ಹೆಚ್ಚುಕಡಿಮೆ ಒಂದೇ ಗಾತ್ರ, ದುಂಡಗೆ. ಒಳಗೆ ಮೇಣವನ್ನೂ ಸೇರಿಸಿರುತ್ತಾರೆ. ಕರಗುವಾಗ ಆ ಮೇಣ ಹೊರಬಂದು ಟೋನರ್ ಫ್ಯೂಸರಿಗೆ ಅಂಟದ ಹಾಗೆ ನೋಡಿಕೊಳ್ಳುತ್ತದೆ. ಕಳೆದ ಎರಡು ಮೂರು ದಶಕದಲ್ಲಿ ಬಣ್ಣದ ಪ್ರಿಂಟ್ ಸುಧಾರಿಸಿದ್ದರಲ್ಲಿ ಡಿಪಿಐಗಿಂತ ಈ ಪುಡಿಯ ಪಾಲೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡಿ ಕೊನೆಗೆ ಕೆಲಸ ಕೆಡುವುದು ಬಹಳ ಸಲ ಕಾಗದದಿಂದ. ಒರಟು ಕಾಗದದ ತಗ್ಗುಗಳಿಗೆ ಟೋನರ್ ಇಳಿಯುವುದಿಲ್ಲ, ಬಣ್ಣ ತೇಪೆ ತೇಪೆಯಾಗುತ್ತದೆ. ತೇವ ಕುಡಿದ ಕಾಗದ ವಿದ್ಯುತ್ತನ್ನು ಸೋರಿಸುತ್ತದೆ. ದಪ್ಪ ಕಾಗದ ಹಾಕಿ ಸೆಟ್ಟಿಂಗಿನಲ್ಲಿ ಮಾಮೂಲಿ ಕಾಗದ ಅಂತಲೇ ಬಿಟ್ಟರೆ ಬಿಸಿ ಸಾಲದೆ ಟೋನರ್ ಉಗುರಿಗೇ ಕೆರೆದುಬರುತ್ತದೆ. ‘ದಪ್ಪ ಕಾಗದ’ ಎಂದು ಆರಿಸಿದರೆ ಪ್ರಿಂಟರ್ ನಿಧಾನ ಆಗುತ್ತದಲ್ಲ, ಅದು ಕಾಗದವನ್ನು ಫ್ಯೂಸರಿನಲ್ಲಿ ಹೆಚ್ಚು ಹೊತ್ತು ಇಡಲು. ಇಂಕ್‌ಜೆಟ್ಟಿನ ಹೊಳೆಯುವ ಫೋಟೊ ಕಾಗದವನ್ನು ಮಾತ್ರ ಲೇಸರ್ ಪ್ರಿಂಟರಿಗೆ ಹಾಕಲೇಬೇಡಿ. ಅದರ ಲೇಪ ಬಿಸಿಗೆ ಕರಗಿ ಫ್ಯೂಸರಿಗೆ ಹತ್ತಿಕೊಂಡರೆ ಬಿಡಿಸುವುದು ಕಷ್ಟ.

ಇನ್ನೊಂದು ವಿಷಯ ಅಷ್ಟಾಗಿ ಯಾರೂ ಹೇಳುವುದಿಲ್ಲ. ಬಹಳಷ್ಟು ಪ್ರಿಂಟರ್‌ಗಳು ಪುಟದಲ್ಲಿ ಯಾವುದು ಅಕ್ಷರ, ಯಾವುದು ಫೋಟೊ ಎಂದು ಗುರುತಿಸಿ ಎರಡಕ್ಕೂ ಬೇರೆಬೇರೆ ಹಾಫ್‌ಟೋನ್ ಬಳಸುತ್ತವೆ. ಅಕ್ಷರಕ್ಕೆ ಅಂಚು ಚೂಪಾಗಿರುವಂಥದ್ದು, ಫೋಟೊಗೆ ನುಣುಪಾಗಿರುವಂಥದ್ದು. ಪಕ್ಕಪಕ್ಕದ ಬಣ್ಣಗಳನ್ನು ಒಂದಿಷ್ಟು ಒಂದರೊಳಗೊಂದು ಚಾಚಿ ಬಿಳಿ ಸೀಳನ್ನು ಮುಚ್ಚುವುದೂ ಇದೇ ಹಂತದಲ್ಲಿ. ನೀವು ಪುಟವನ್ನು ಸ್ಕ್ರೀನ್‌ಶಾಟ್ ತೆಗೆದು ಜೆಪೆಗ್ ಆಗಿ ಕಳಿಸಿದರೆ ಪ್ರಿಂಟರಿಗೆ ಎಲ್ಲವೂ ಫೋಟೊವೇ. ಅಕ್ಷರದ ಅಂಚಿಗೂ ಚುಕ್ಕೆ ಹಾಕಿಬಿಡುತ್ತದೆ. ಅದೇ ಪುಟವನ್ನು ಅಕ್ಷರಗಳು ಅಕ್ಷರಗಳಾಗಿಯೇ ಉಳಿದ ಪಿಡಿಎಫ್ ಆಗಿ ಕೊಟ್ಟರೆ, ಅದೇ ಯಂತ್ರ, ಅದೇ ಟೋನರ್, ಅಕ್ಷರ ಮಾತ್ರ ಚೂಪು.

ಪುಟದ ಮೇಲೆ ಒಂದೇ ಕಲೆ ಮತ್ತೆ ಮತ್ತೆ ಒಂದೇ ಅಂತರದಲ್ಲಿ ಬರುತ್ತಿದ್ದರೆ ಎಲ್ಲ ಕಾರ್ಟ್ರಿಜ್ ಬದಲಿಸಲು ಹೊರಡಬೇಡಿ. ಮೊದಲು ಅಳತೆಪಟ್ಟಿ ಇಟ್ಟು ಎರಡು ಕಲೆಗಳ ನಡುವಿನ ದೂರ ನೋಡಿ. ಒಳಗೆ ತಿರುಗುವ ಯಾವುದೋ ರೋಲರಿನ ಸುತ್ತಳತೆ ಅದು. 24 ಮಿಲಿಮೀಟರ್ ವ್ಯಾಸದ ಡ್ರಮ್ ಮೇಲೆ ಗೀರು ಬಿದ್ದಿದ್ದರೆ ಕಲೆ ಸುಮಾರು 75 ಮಿಲಿಮೀಟರಿಗೊಂದು ಬರುತ್ತದೆ. ಯಾವ ಅಂತರಕ್ಕೆ ಯಾವ ಭಾಗ ಅನ್ನುವ ಪಟ್ಟಿ ಹೆಚ್ಚಿನ ಯಂತ್ರಗಳ ಸರ್ವಿಸ್ ಕೈಪಿಡಿಯಲ್ಲಿ ಸಿಗುತ್ತದೆ. ಕಲೆಯ ಬಣ್ಣ ಸಯಾನ್ ಆಗಿದ್ದರೆ ಸಯಾನ್ ಡ್ರಮ್ ಒಂದನ್ನು ಬದಲಿಸಿದರೆ ಸಾಕು. ಎಲ್ಲ ಬಣ್ಣದ ಮೇಲೂ ಒಂದೇ ಕಡೆ ಗುರುತು ಬರುತ್ತಿದ್ದರೆ ಬೆಲ್ಟನ್ನೋ ಫ್ಯೂಸರನ್ನೋ ನೋಡಬೇಕು.